ಕೀಳರಿಮೆ ಯಾರದು?

ದಲಿತರ ಮಕ್ಕಳಿಗೆ ಎಲ್ಲರೂ ಧಾರಾಳವಾಗಿ ಕೊಡೋ ವಸ್ತು ಒಂದೇ: ಉಪದೇಶ. 'ಕೀಳರಿಮೆ ಬಿಡ್ರಪ್ಪ, ಧೈರ್ಯವಾಗಿರಿ, ನೀವೂ ಎಲ್ಲರ ಹಾಗೆ ಮನುಷ್ಯರೇ ತಾನೇ' ಅಂತ ಭಾಷಣ ಮಾಡಿ, ಹಾರ ಹಾಕಿಸಿಕೊಂಡು ಹೋಗುತ್ತಾರೆ. ಹಾಸ್ಟೆಲ್ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಈ ಮಾತನ್ನು ನಾವು ಬಿಚ್ಚಿ ನೋಡಬೇಕಾಗಿದೆ. ಮನುಷ್ಯ ಬೇರೆಯವರ ಬಗ್ಗೆ ಒಂದು ಅಂದಾಜು ಕಟ್ಟಿಕೊಳ್ಳೋದು ಹೇಗೆ? ತನ್ನ ಬಗ್ಗೆ ಕಟ್ಟಿಕೊಳ್ಳೋದು ಹೇಗೆ? ಕೀಳರಿಮೆ ಅನ್ನೋ ರೋಗ ನಿಜಕ್ಕೂ ಇರೋದು ಯಾರಿಗೆ?

ಮೊದಲು ಬೇರೆಯವರ ವಿಚಾರ. ನಮ್ಮ ಹಳ್ಳಿಗಳಲ್ಲಿ ಹೊಸಬನೊಬ್ಬ ಬಂದು ಜಗಲಿ ಹತ್ತಿರ ನಿಂತರೆ, ನೀರು ಕೊಡೋದಕ್ಕೆ ಮುಂಚೆ ಒಂದು ಪ್ರಶ್ನೆ ಬರುತ್ತೆ: 'ನೀವು ಯಾವ ಜನ?' ಉತ್ತರ ಸಿಕ್ಕ ಮೇಲೆಯೇ ಅವನ ಮುಖ ಕಾಣೋದು. ಜಗಲಿ ಮೇಲೋ ಕೆಳಗೋ, ಲೋಟವೋ ಬೊಗಸೆಯೋ, ಎಲ್ಲಾ ಆಗ ತೀರ್ಮಾನ. ಪೇಟೆಯಲ್ಲಿ ಈ ಪ್ರಶ್ನೆ ಅಂಗಿ ಬದಲಾಯಿಸಿಕೊಂಡು ಬರುತ್ತೆ. 'ಸಸ್ಯಾಹಾರಿಗಳಿಗೆ ಮಾತ್ರ ಮನೆ ಬಾಡಿಗೆಗಿದೆ' ಅನ್ನೋ ಬೋರ್ಡು ಕೇಳ್ತಿರೋದು ಊಟದ ವಿಚಾರವನ್ನೇನಲ್ಲ.

ಹೀಗೆ ಅಳೆಯೋರನ್ನ ಕೇಳಿದರೆ, ನೋಡಿ ತಿಳಿದದ್ದು ಅಂತಾರೆ. ಸುಳ್ಳು. ಬಾವಿಗೆ ಇಳಿಯಗೊಡಲಿಲ್ಲ, ಆಮೇಲೆ 'ಮೈ ತೊಳೆಯದ ಜನ' ಅಂದರು. ಸತ್ತ ದನ ಹೊರಿಸಿದರು, ಆಮೇಲೆ 'ನಾತ' ಅಂದರು. ಅಕ್ಷರ ಮುಟ್ಟಗೊಡಲಿಲ್ಲ, ಆಮೇಲೆ 'ಇವರ ತಲೆಗೆ ಓದು ಹತ್ತಲ್ಲ' ಅಂದರು. ಜೀತಕ್ಕಿಟ್ಟುಕೊಂಡು, ಕೈಕಟ್ಟಿ ನಿಲ್ಲಿಸಿ, 'ಬುದ್ಧೀ' ಅಂತ ಕರೆಸಿಕೊಂಡರು, ಆಮೇಲೆ 'ಪಾಪ, ತಗ್ಗಿ ನಡೆಯೋ ಜನ' ಅಂತ ಮೆಚ್ಚಿಕೊಂಡರು. ಮೊದಲು ಬಂದದ್ದು ಕಟ್ಟಳೆ. ಅಭಿಪ್ರಾಯ ಅದರ ಹಿಂದೆ ಬಂತು, ಮಾಡಿದ್ದಕ್ಕೆ ಸಮಜಾಯಿಷಿಯಾಗಿ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಸಮಜಾಯಿಷಿಯನ್ನು ಯಾವ ವಿಧಿಯೂ ರದ್ದು ಮಾಡಲಾರದು. ಅದು ಮನೆಮನೆಯಲ್ಲಿ ತಾಯಿಹಾಲಿನ ಜೊತೆ ಇಳಿಯುತ್ತೆ.

ಇನ್ನು ತನ್ನ ಬಗ್ಗೆ ತಾನು ಕಟ್ಟಿಕೊಳ್ಳೋ ಅಂದಾಜು. ಇದನ್ನ ಅಳೆದು ನೋಡಿದವರಿದ್ದಾರೆ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ ಇದ್ದ ಅಮೆರಿಕದಲ್ಲಿ, 1940ರ ಸುಮಾರಿನಲ್ಲಿ, ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞ ದಂಪತಿ ಪುಟ್ಟ ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನ ಇಟ್ಟರು. ಬಣ್ಣ ಬಿಟ್ಟರೆ ಎಲ್ಲಾ ಒಂದೇ. ಯಾವುದು ಒಳ್ಳೇ ಗೊಂಬೆ ಅಂತ ಕೇಳಿದರೆ ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದವು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬಣ್ಣ ನೋಡಿ ಶಾಲೆ ಬೇರೆ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಾಗ ಕೆನೆತ್ ಕ್ಲಾರ್ಕ್ ಅವರ ಬರಹವನ್ನೂ ಹೆಸರಿಸಿತು.

'ನೋಡಿದ್ರಾ, ನಾವು ಹೇಳೋ ಕೀಳರಿಮೆ ಇದೇ' ಅಂತ ಉಪದೇಶಕರು ಎದ್ದು ನಿಲ್ಲಬಹುದು. ಸ್ವಲ್ಪ ಕೂತ್ಕೊಳ್ಳಿ, ನಮ್ಮ ದೇಶದ್ದೇ ಒಂದು ಪರೀಕ್ಷೆ ಇದೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಮಾಡಿ, 2004ರಲ್ಲಿ ಪ್ರಕಟಿಸಿದ್ದು. ಮೇಲ್ಜಾತಿಯ 321 ಹುಡುಗರು, ಕೆಳಜಾತಿ ಅನ್ನಿಸಿಕೊಂಡ 321 ಹುಡುಗರು. ಕೆಲಸ ಏನಪ್ಪಾ ಅಂದರೆ, ಕಾಗದದ ಮೇಲಿನ ಗೋಜಲು ಹಾದಿಯಲ್ಲಿ ದಾರಿ ಹುಡುಕೋದು. ಬಿಡಿಸಿದ್ದಕ್ಕೆ ದುಡ್ಡು. ಜಾತಿ ಎತ್ತದೆ ಕೂರಿಸಿದಾಗ ಎರಡೂ ಕಡೆಯವರು ಸರಿಸಮ ಬಿಡಿಸಿದರು. ಆಮೇಲೆ ಇನ್ನೊಂದು ಗುಂಪನ್ನು ಕೂರಿಸಿ, ಒಬ್ಬೊಬ್ಬನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿದರು. ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ಅವೇ ಒಗಟು, ಅಂಥದೇ ತಲೆ. ನಡುವೆ ಬಂದದ್ದು ಒಂದು ಕೂಗು.

ಇಲ್ಲಿಗೆ ನಿಲ್ಲಿಸಿದ್ದರೆ ಉಪದೇಶಕರೇ ಗೆಲ್ಲುತ್ತಿದ್ದರು. ಆದರೆ ಆ ಪರೀಕ್ಷೆಯಲ್ಲಿ ಇನ್ನೊಂದು ಹೆಜ್ಜೆ ಇತ್ತು. ದುಡ್ಡು ಯಾರಿಗೆ ಅನ್ನೋದರಲ್ಲಿ ಮನುಷ್ಯನ ಕೈ ಬಿಟ್ಟು ಚೀಟಿ ಎತ್ತೋ ಪದ್ಧತಿ ತಂದಾಗ ಆ ಅಂತರ ಮಾಯವಾಯಿತು! ಅಂದರೆ ಆ ಹುಡುಗರು ತಮ್ಮ ತಲೆಯನ್ನು ಅನುಮಾನಿಸಿರಲಿಲ್ಲ. ಬೆಲೆ ಕಟ್ಟೋ ಮನುಷ್ಯನನ್ನು ಅನುಮಾನಿಸಿದ್ದರು. ಜಾತಿ ಕೇಳಿದ ಮೇಲೆ ಇವನು ನ್ಯಾಯವಾಗಿ ಅಳೆಯಲ್ಲ ಅಂತ ಅವರಿಗೆ ಗೊತ್ತಿತ್ತು. ಚೀಟಿಗೆ ಜಾತಿ ಗೊತ್ತಾಗಲ್ಲ ಅಂತಲೂ ಗೊತ್ತಿತ್ತು.

ಇದನ್ನ ರೋಗ ಅನ್ನೋದಾ, ಅರಿವು ಅನ್ನೋದಾ? ಹತ್ತು ಸಲ ಕೈ ಸುಟ್ಟವನು ಒಲೆಯಿಂದ ದೂರ ನಿಂತರೆ ಅವನನ್ನ ಹೇಡಿ ಅಂತ ಕರೆಯೋಕೆ ಆಗುತ್ತಾ? ಕೀಳರಿಮೆ ಅಂತ ಎಲ್ಲರೂ ಕರೀತಿರೋದರಲ್ಲಿ ದೊಡ್ಡ ಪಾಲು ಎದುರಿನವರನ್ನ ಸರಿಯಾಗಿ ಓದಿಕೊಂಡಿರೋದೇ. ನಮ್ಮ ಮಕ್ಕಳಿಗೆ ಧೈರ್ಯ ಹೇಳೋದಕ್ಕೆ ಮುಂಚೆ, ಅಳೆಯೋರು ತಮ್ಮ ಕೋಲು ತೋರಿಸಲಿ.

ಹಾಗಾದರೆ ಜಾತಿ ಮುಚ್ಚಿಟ್ಟುಕೊಂಡರೆ ಸರಿಹೋಗುತ್ತಲ್ಲ ಅಂತ ಕೆಲವರು ಕೇಳಬಹುದು. ಬಾಡಿಗೆ ಮನೆಗಾಗಿ ಹೆಸರು ತಿರುಚಿಕೊಂಡವರು, ಆಫೀಸಿನಲ್ಲಿ ಬಾಯಿ ಬಿಡದವರು ನಮ್ಮ ನಡುವೆ ಇದ್ದಾರೆ. ಅವರನ್ನ ದೂರೋ ಹಕ್ಕು ನಮಗಿಲ್ಲ, ತಲೆ ಮೇಲೆ ಸೂರು ಬೇಕು. ಆದರೆ ಒಂದು ಮಾತು. ಮುಚ್ಚಿಟ್ಟರೆ ಅಳೆಯೋನು ಬದಲಾಗಬೇಕಾದ ಅಗತ್ಯವೇ ಬೀಳಲ್ಲ. ಬಚ್ಚಿಟ್ಟವನಿಗೋ ದಿನಾ ಎದೆ ಢವಢವ.

ಚಳವಳಿ ಹಿಡಿದ ದಾರಿ ಬೇರೆ. ಮಹಾಡದ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಅಲ್ಲಿನ ಪುರಸಭೆ 1924ರಲ್ಲೇ ಬರೆದಿಟ್ಟಿತ್ತು. ಆ ಬರಹ ಯಾರ ಬಾಯಾರಿಕೆಯನ್ನೂ ಕಳೆಯಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮುಂದಾಳಾಗಿ ಸಾವಿರಾರು ಜನ ಹಗಲಲ್ಲೇ, ತಾವು ಯಾರು ಅನ್ನೋದನ್ನ ಮುಚ್ಚಿಡದೆ, ನಡೆದು ಹೋಗಿ ಆ ನೀರು ಕುಡಿದರು. ಏಟೂ ತಿಂದರು. ಸವರ್ಣೀಯರು ಗಂಜಲ ಸಗಣಿ ಹಾಕಿ ಕೆರೆ 'ಶುದ್ಧಿ' ಮಾಡಿಕೊಂಡರು. ಆದರೆ ಬೊಗಸೆ ನೀರು ಕುಡಿದು ವಾಪಸು ಬಂದವನು ಹೋಗುವಾಗ ಇದ್ದವನಾಗಿ ಉಳಿಯಲಿಲ್ಲ. ತನ್ನ ಬಗ್ಗೆ ತಾನು ಕಟ್ಟಿಕೊಂಡ ಅಂದಾಜು ಭಾಷಣದಿಂದ ಬದಲಾಗೋದು ಕಷ್ಟ. ನಾಲ್ಕು ಜನರ ಜೊತೆ ಸೇರಿ ಮಾಡಿದ ಕೆಲಸದಿಂದ ಬದಲಾಗುತ್ತೆ. 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್, ಅದೇ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ತಮ್ಮ ಹೆಸರನ್ನ ತಾವೇ ಹೇಳಿಕೊಂಡವು. ಇನ್ನೊಬ್ಬರು ಕೂಗಿದ ಹೆಸರು ಕುಗ್ಗಿಸುತ್ತೆ. ನಾವೇ ಹೇಳಿಕೊಂಡ ಹೆಸರು ನಿಲ್ಲಿಸುತ್ತೆ.

ಹಳ್ಳಿಯ ಮೇಷ್ಟ್ರುಗಳಿಗೆ ಇಲ್ಲೊಂದು ಕೆಲಸ ಇದೆ. ದಾಖಲೆಯಲ್ಲಿ ಜಾತಿ ಇರಲೇಬೇಕು. ಮೀಸಲಾತಿ, ವಿದ್ಯಾರ್ಥಿವೇತನ ನಮ್ಮ ಹಕ್ಕು, ಲೆಕ್ಕ ಇಲ್ಲದೆ ಹಕ್ಕು ಸಿಗಲ್ಲ. ಆದರೆ ದಾಖಲೆಯಲ್ಲಿರೋದನ್ನ ತರಗತಿಯಲ್ಲಿ ಕೂಗಬೇಕಾ? 'ಸ್ಕಾಲರ್‌ಶಿಪ್ ಹುಡುಗರು ಎದ್ದು ನಿಲ್ರೋ' ಅನ್ನೋ ಒಂದು ಕೂಗು ಏನು ಮಾಡಬಲ್ಲದು ಅಂತ ಆ ಪರೀಕ್ಷೆ ತೋರಿಸಿದೆ. ಯಾರ ಕೈಗೆ ಪೊರಕೆ ಕೊಡ್ತೀರಿ, ಯಾರ ಕೈಗೆ ನೀರಿನ ಬಿಂದಿಗೆ ಕೊಡ್ತೀರಿ, ಬಿಸಿಯೂಟದ ಸಾಲಲ್ಲಿ ಯಾರು ಎಲ್ಲಿ ಕೂತರು, ಇವೆಲ್ಲ ಪಾಠಗಳೇ. ಪುಸ್ತಕದ ಪಾಠಕ್ಕಿಂತ ಗಟ್ಟಿಯಾಗಿ ತಲೆಗೆ ಇಳಿಯೋ ಪಾಠಗಳು.

ಕಾರ್ಯಕರ್ತರಿಗೂ ಇದೆ. ಜಾತಿ ಅನ್ನೋದು ಏಣಿ. ಪ್ರತಿ ಮೆಟ್ಟಿಲಿನವನಿಗೂ ತುಳಿಯೋಕೆ ಕೆಳಗೊಂದು ತಲೆ ಕೊಟ್ಟಿದೆ. ಹೊಲೆಯ ಮಾದಿಗನನ್ನ, ಕೇರಿಯ ಗಂಡಸು ಕೇರಿಯ ಹೆಂಗಸನ್ನ ನೋಡೋ ನೋಟದಲ್ಲೂ ಊರಗೌಡನ ಕಣ್ಣೇ ಕೂತಿದ್ದರೆ, ನಾವು ಕಿತ್ತೆಸೆದದ್ದಾದರೂ ಏನು? ಚೀಟಿ ಎತ್ತುವಾಗ ಆ ಹುಡುಗರಿಗಿದ್ದ ನಂಬಿಕೆ, ನಮ್ಮ ಸಭೆಗೆ ಬಂದು ಕೊನೇ ಸಾಲಲ್ಲಿ ಕೂತ ಹೆಣ್ಣುಮಗಳಿಗೆ ನಮ್ಮ ಮೇಲೆ ಇದೆಯಾ? ಅವಳನ್ನೇ ಕೇಳೋಣ. ಅವಳು ಏನು ಹೇಳಿದರೂ, ಅದನ್ನ ಅವಳ ಕೀಳರಿಮೆ ಅಂತ ಬರೆದುಕೊಳ್ಳೋದು ಬೇಡ.