ಟಿಕ್ ಹಾಕಿದ್ದು ನಾನು

ಊರಿನ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಇದೆ. ಅಪ್ಪನಿಗೆ ಲಕ್ವ ಹೊಡೆದು, ಹದಿನೆಂಟು ದಿನ ಮೈಸೂರಿನ ಆಸ್ಪತ್ರೆಯಲ್ಲಿದ್ದು, ಮನೆಗೆ ಕರಕೊಂಡು ಬಂದ ದಿನ ನಂಜನಗೂಡು ಪೇಟೆಯಲ್ಲಿ ಕೊಂಡಿದ್ದು. ಸ್ಕೇಲ್ ಇಟ್ಟು ಗೆರೆ ಎಳೆದವನು ನಾನೇ. ದಿನಾಂಕ, ಬಿಪಿ, ಶುಗರ್, ಇನ್ಸುಲಿನ್, ಮಗ್ಗುಲು ಬದಲಿಸಿದ್ದು, ಊಟ, ಮೂತ್ರ. ಬಿಪಿ, ಶುಗರ್‌ಗೆ ಅಂಕಿ ಬರೆಯಬೇಕು. ಇನ್ಸುಲಿನ್ನಿಗೂ ಮಗ್ಗುಲಿಗೂ ಬರೆಯುವ ರಗಳೆ ಬೇಡ, ಬರೀ ಟಿಕ್ ಹಾಕಿದರೆ ಸಾಕು. ಆ ಟೇಬಲ್ ನೋಡಿ ನನಗೆ ನಾನೇ ಭೇಷ್ ಅಂದುಕೊಂಡಿದ್ದೆ.

ಅವ್ವನಿಗೆ ಅದು ಹಿಡಿಸಲಿಲ್ಲ. "ಎಲ್ಲಾನೂ ಬರ್ಕೊಂಡು ಕೂತ್ರೆ ನೋಡ್ಕೊಳ್ಳೋದು ಯಾವಾಗ್ಲಾ?" ಅಂದಳು. ನಾನು ನಕ್ಕು ಸುಮ್ಮನಾದೆ. ಆದರೆ ಬರೆಯೋದಕ್ಕೆ ನನ್ನ ಹತ್ತಿರ ಒಂದು ಗಟ್ಟಿ ಕಾರಣ ಇತ್ತು. ಅಪ್ಪನಿಗೆ ಮಾತು ಹೋಗಿತ್ತು. ಸೂಜಿ ಹಾಕಿದ್ರಾ, ಮಧ್ಯಾಹ್ನ ಏನು ತಿಂದೆ ಅಂತ ಕೇಳಿದರೆ ಅವರ ಕಣ್ಣು ಮಾತ್ರ ಆಡುತ್ತಿತ್ತು. ಆಸ್ಪತ್ರೆಯಲ್ಲಾದರೆ ಒಂದು ಪಾಳಿಯ ನರ್ಸ್ ಇನ್ನೊಂದು ಪಾಳಿಯವರಿಗೆ ಹೇಳಿ ಹೋಗುತ್ತಾರೆ. ಮನೆಯಲ್ಲಿ ಪಾಳಿ ಎಲ್ಲಿದೆ? ಒಬ್ಬರು ಹೋಗಿ ಇನ್ನೊಬ್ಬರು ಮಂಚದ ಪಕ್ಕ ನಿಂತಾಗ ಅಪ್ಪನ ಪರವಾಗಿ ಮಾತಾಡಬೇಕಾದ್ದು ಆ ಪುಸ್ತಕವೇ. ಅದರಲ್ಲಿ ಸುಳ್ಳು ಬರೆದರೆ ಅಪ್ಪನ ಬಾಯಲ್ಲಿ ಸುಳ್ಳು ಹೇಳಿಸಿದ ಹಾಗೆ.

ಆ ಸುಳ್ಳನ್ನು ಬರೆದವನು ನಾನು.

ನೋಡಿಕೊಳ್ಳಲು ಒಬ್ಬ ಸಿಸ್ಟರ್ ಇದ್ದರು. ಎಎನ್‌ಎಂ ತರಬೇತಿ ಮುಗಿಸಿದವರು. ತಿ. ನರಸೀಪುರದ ಕಡೆಯ ಹಳ್ಳಿ. ಒಂದು ಏಜೆನ್ಸಿ ಮೂಲಕ ಬಂದಿದ್ದರು. ಹಗಲು ರಾತ್ರಿ ನಮ್ಮ ಮನೆಯಲ್ಲೇ ಇದ್ದು ಶನಿವಾರ ಸಂಜೆ ಬಸ್ ಹತ್ತಿ ಊರಿಗೆ ಹೋದರೆ ಸೋಮವಾರ ಬೆಳಿಗ್ಗೆ ವಾಪಸ್. ಆ ಎರಡು ರಾತ್ರಿ ನಾನು ಬೆಂಗಳೂರಿನಿಂದ ಬಂದು ನೋಡಿಕೊಳ್ಳುವುದು ಅಂತ ಮಾತಾಗಿತ್ತು.

ಒಂದು ಶನಿವಾರ ರಾತ್ರಿ ನನ್ನ ಕಂಪನಿಯ ಸಿಸ್ಟಂ ಕುಸಿದು ಕೂತಿತು. ಎಂಟೂವರೆಗೆ ಶುರುವಾದ ಕಾಲ್ ಮುಗಿದಾಗ ಒಂದು ಗಂಟೆ. ಅವ್ವ ಅಪ್ಪನಿಗೆ ಗಂಜಿ ಕುಡಿಸಿ ಮಲಗಿದ್ದಳು. ರಾತ್ರಿಯ ಇನ್ಸುಲಿನ್ ನನ್ನ ಕೆಲಸ, ಮರೆತಿದ್ದೆ. ಭಾನುವಾರ ಬೆಳಿಗ್ಗೆ ಸರಿಯಾಗಿ ಹಾಕಿದೆ. ಭಾನುವಾರ ರಾತ್ರಿ ಮತ್ತೆ ಅದೇ ಕಾಲ್, ಮತ್ತೆ ಅದೇ ಮರೆವು. ಸೋಮವಾರ ನಸುಕಿಗೆ ಹೊರಡುವ ಮುಂಚೆ ಪುಸ್ತಕ ತೆಗೆದು ನೋಡಿದರೆ ಎರಡು ಖಾಲಿ ಚೌಕ. ಪೆನ್ನು ಕೈಯಲ್ಲೇ ಇತ್ತು. ಎರಡು ಟಿಕ್ ಹಾಕಿದೆ. ಯಾಕೆ ಅಂತ ಕೇಳಿದರೆ ನೆಟ್ಟಗೆ ಉತ್ತರ ಇಲ್ಲ. ಖಾಲಿ ಬಿಟ್ಟರೆ ಸಿಸ್ಟರ್ ನೋಡುತ್ತಾರೆ, "ನಮಗೆ ಇಷ್ಟೆಲ್ಲಾ ರೂಲ್ಸ್ ಹೇಳಿ ಇವ್ರೇ ಹಾಕಿಲ್ಲ" ಅಂದುಕೊಳ್ಳುತ್ತಾರೆ ಅನ್ನುವ ನಾಚಿಕೆ. ಅಷ್ಟೇ ಇರಬೇಕು.

ಸೋಮವಾರ ಬೆಳಿಗ್ಗೆ ಶುಗರ್ 312. ಸಿಸ್ಟರ್ ಪುಟದ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದರು. ಡಾಕ್ಟರ್ ಏನು ನೋಡಿದರು? ತಪ್ಪದೆ ಇನ್ಸುಲಿನ್ ಹಾಕಿದ್ದಾರೆ, ಆದರೂ ಶುಗರ್ ಇಷ್ಟಿದೆ, ಅಂದರೆ ಡೋಸ್ ಸಾಲುತ್ತಿಲ್ಲ. ರಾತ್ರಿಯ 10 ಯೂನಿಟ್ಟನ್ನು 16 ಮಾಡಿದರು. ಅವರ ಮುಂದಿದ್ದ ಮಾಹಿತಿಗೆ ಅದು ಸರಿಯಾದ ತೀರ್ಮಾನವೇ. ಸಿಸ್ಟರ್ ಹೇಳಿದಂತೆ 16 ಹಾಕಿದರು. ಬುಧವಾರ ನಸುಕಿನಲ್ಲಿ ಅಪ್ಪನ ಮೈಯೆಲ್ಲ ಬೆವರು, ಕಣ್ಣು ತೆರೆಯುತ್ತಿಲ್ಲ. ಶುಗರ್ 44. ನುಂಗೋಕೆ ಕಷ್ಟ ಇದ್ದದ್ದರಿಂದ ಸಕ್ಕರೆ ನೀರು ಕುಡಿಸುವ ಹಾಗಿರಲಿಲ್ಲ. ಪಕ್ಕದ ಮನೆಯವರ ಓಮ್ನಿಯಲ್ಲಿ ಆಸ್ಪತ್ರೆಗೆ ಒಯ್ದು ಗ್ಲೂಕೋಸ್ ಹಾಕಿಸಿದರು. ಬದುಕಿಕೊಂಡರು.

ಹತ್ತು ಯೂನಿಟ್ ಅಂದರೆ ಎಷ್ಟು? ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯಲ್ಲಿ ಕಾಲು ಮಿಲಿಲೀಟರ್. ನಾನು ಹಾಕದೆ ಬಿಟ್ಟದ್ದು ಎರಡು ಸಲ ಅಷ್ಟೇ ಅಷ್ಟು. ಬಿಟ್ಟದ್ದರಿಂದ ಆದದ್ದು ಒಂದು ದಿನದ ಜಾಸ್ತಿ ಶುಗರ್. ಬಿಟ್ಟದ್ದನ್ನು ಮುಚ್ಚಿಟ್ಟದ್ದರಿಂದ ಅಪ್ಪ ಸಾಯುವ ಹಾಗಾಯಿತು. ಮರೆವಿಗೂ ಸುಳ್ಳಿಗೂ ಇರುವ ದೂರ ನನಗೆ ಅರ್ಥವಾಗಿದ್ದು ಹೀಗೆ.

ಅಲ್ಲಿಗೇ ನಿಂತಿದ್ದರೆ ಅದು ನನ್ನ ಅಪ್ಪ, ನನ್ನ ಪಾಪ ಅಂತಾಗುತ್ತಿತ್ತು. ಆದರೆ ಮನೆಯವರೆಲ್ಲ, ನೆಂಟರೆಲ್ಲ ಒಂದೇ ಮಾತು: "ಆ ಹುಡ್ಗಿ ಜಾಸ್ತಿ ಸೂಜಿ ಹಾಕವ್ಳೆ." ಮಾವ ಏಜೆನ್ಸಿಗೆ ಫೋನ್ ಮಾಡಿ ಕೂಗಾಡಿದರು. ಅವರು ಮರುದಿನವೇ ಸಿಸ್ಟರನ್ನು ಬದಲಾಯಿಸಿದರು. ನಾನು ಬೆಂಗಳೂರಿನಿಂದ ಓಡಿಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಲ್ಲಾ ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ. ಯಾರಿಗೂ ಅನುಮಾನ ಬರುವ ಹಾಗೂ ಇರಲಿಲ್ಲ. ಪುಸ್ತಕ ನನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತಲ್ಲ.

ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ಲಾಗ್ ನೋಡುತ್ತೇವೆ. ಯಾವ ಸೆಕೆಂಡಿನಲ್ಲಿ ಏನಾಯಿತು ಅಂತ ಯಂತ್ರವೇ ಬರೆದಿಡುತ್ತದೆ. ಯಾರು ಯಾವ ಸಾಲು ಬದಲಿಸಿದರು ಅನ್ನುವುದೂ ಸಿಗುತ್ತದೆ. ಆಮೇಲೆ ಸಭೆ ಸೇರಿ, ಬೈಯದೆ, ಏನು ತಪ್ಪಾಯಿತು ಅಂತ ಬರೆಯುತ್ತೇವೆ. ಆ ಶನಿವಾರದ ಕುಸಿತಕ್ಕೂ ನಾನೇ ಅಂಥ ನಾಲ್ಕು ಪುಟದ ವರದಿ ಬರೆದೆ, ನನ್ನ ತಂಡದ ತಪ್ಪನ್ನು ಮುಚ್ಚದೆ ಬರೆದೆ. ಯಾಕೆಂದರೆ ಅಲ್ಲಿ ತಪ್ಪು ಒಪ್ಪಿಕೊಂಡರೆ ಯಾರ ಕೆಲಸವೂ ಹೋಗುವುದಿಲ್ಲ. ಅದೇ ವಾರ ನನ್ನ ಮನೆಯಲ್ಲಿ, ತಪ್ಪೇ ಮಾಡದ ಒಬ್ಬರ ಕೆಲಸ ಹೋಯಿತು.

ಆಮೇಲೆ ನರ್ಸಿಂಗ್ ದಾಖಲೆ ಹೇಗೆ ಬರೆಯುತ್ತಾರೆ ಅಂತ ಓದಿಕೊಂಡೆ. ತಪ್ಪು ಬರೆದರೆ ವೈಟ್ನರ್ ಹಚ್ಚಬಾರದು. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಹೊಡೆದು, ಸಹಿ, ಸಮಯ ಹಾಕಬೇಕು. ತಡವಾಗಿ ಬರೆದರೆ ತಡವಾಗಿ ಬರೆದದ್ದು ಅಂತಲೇ ಬರೆಯಬೇಕು. ಔಷಧಿ ಕೊಡದೆ ಇದ್ದರೆ ಆ ಜಾಗದಲ್ಲಿ ಸಹಿಯ ಸುತ್ತ ಒಂದು ಸುತ್ತು ಹಾಕಿ ಕಾರಣ ಬರೆಯುವ ರೂಢಿ ಎಷ್ಟೋ ಕಡೆ ಇದೆ. ಅಂದರೆ "ಕೊಟ್ಟಿಲ್ಲ" ಅಂತ ಹೇಳೋದಕ್ಕೂ ಒಂದು ಜಾಗ. ನನ್ನ ಟೇಬಲ್ಲಿನಲ್ಲಿ ಆ ಜಾಗವೇ ಇರಲಿಲ್ಲ. ಹಾಗಂತ ಟೇಬಲ್ಲಿನ ಮೇಲೆ ತಪ್ಪು ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಟಿಕ್ಕು ತಾನಾಗಿ ಬಂದು ಕೂತದ್ದಲ್ಲ.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ನರ್ಸಿಂಗ್ ಕುರಿತ ಪುಸ್ತಕದಲ್ಲಿ ಸಣ್ಣಪುಟ್ಟ ವ್ಯವಸ್ಥೆಯ ಬಗ್ಗೆಯೇ ಒಂದು ಅಧ್ಯಾಯ ಇದೆ. ಅದರ ಸಾರ ಇಷ್ಟು: ನೀನು ಇದ್ದಾಗ ಮಾಡುವ ಕೆಲಸ ನೀನು ಇಲ್ಲದಾಗಲೂ ಆಗುವ ಹಾಗೆ ನೋಡಿಕೊಳ್ಳುವುದೇ ಹೊಣೆ. ಬೆಂಗಳೂರಿನಲ್ಲಿ ಕೂತು ಊರಿನ ಅಪ್ಪನನ್ನು ನೋಡಿಕೊಳ್ಳುವ ನನ್ನಂಥ ಮಕ್ಕಳಿಗೆ ಹೇಳಿದ ಹಾಗಿದೆ. ನಾವು ಇಲ್ಲದಾಗಿನ ಹೊಣೆಯನ್ನು ನಾವು ಪುಸ್ತಕಕ್ಕೆ ಕೊಟ್ಟೆವು, ಪುಸ್ತಕದ ಹೊಣೆಯನ್ನು ಸಂಬಳದವರಿಗೆ ಕೊಟ್ಟೆವು.

ಇದರ ಇನ್ನೊಂದು ಮಗ್ಗುಲು ನಮ್ಮೂರ ಬೀದಿಯಲ್ಲೇ ಕಾಣುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು, ತೂಕ ಮಾಡಿ, ಜ್ವರ ನೋಡಿ ಫಾರಂ ತುಂಬಬೇಕು. ಅಷ್ಟೂ ಭೇಟಿಗೆ ಗೊತ್ತುಮಾಡಿದ್ದು 250 ರೂಪಾಯಿ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಗೌರವಧನದ ಜೊತೆ ಇನ್ನೊಂದು ದೂರೂ ಇತ್ತು. ಮಾಡಿದ ಕೆಲಸ ಆರ್‌ಸಿಎಚ್ ಪೋರ್ಟಲ್ಲಿನಲ್ಲಿ ಸರಿಯಾಗಿ ಸೇರುವುದಿಲ್ಲ, ಸೇರದಿದ್ದರೆ ದುಡ್ಡು ಬರುವುದಿಲ್ಲ. ನಾನು ಮಾಡದ್ದನ್ನು ಬರೆದೆ, ನಂಬಿದರು. ಅವರು ಮಾಡಿದ್ದು ದಾಖಲಾಗಲಿಲ್ಲ, ನಂಬಲಿಲ್ಲ. ದಾಖಲೆಯನ್ನು ಯಾರು ಬರೆದರು ಅನ್ನುವುದರ ಮೇಲೆ ಅದರ ಸತ್ಯ ನಿರ್ಧಾರ ಆಗುವುದಾದರೆ ದಾಖಲೆ ಯಾಕೆ ಬೇಕು?

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅವ್ವನಿಗೆ ಎಲ್ಲಾ ಹೇಳಿದೆ. ಅವಳು ಬೈಯಲಿಲ್ಲ. "ಮೊದ್ಲು ಆ ಹುಡ್ಗಿ ಮನೆಗೆ ಹೋಗ್ಬುಟ್ಟು ಬಾ" ಅಂದಳು. ಬೈಕಿನಲ್ಲಿ ತಿ. ನರಸೀಪುರಕ್ಕೆ ಹೋದೆ. ಕಾವೇರಿ ಕಪಿಲೆ ಸೇರುವ ಆ ಊರು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಮ್ಮ ಕಡೆ ಹೇಳುತ್ತಾರೆ. ಅದಕ್ಕೇ ಅಲ್ಲಿನ ದೇವರು ಗುಂಜಾ ನರಸಿಂಹಸ್ವಾಮಿ. ಚಿಕ್ಕಂದಿನಲ್ಲಿ ಕೇಳಿ ನಗು ಬರುತ್ತಿತ್ತು, ಒಂದು ಗುಲಗಂಜಿಯಷ್ಟು ಹೆಚ್ಚು ಕಮ್ಮಿ ಆದರೆ ಏನಾಯ್ತು ಅಂತ. ಆ ದಿನ ಸೇತುವೆ ದಾಟುವಾಗ ನಗು ಬರಲಿಲ್ಲ.

ಸಿಸ್ಟರ್ ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಅವತ್ತೇ ಅನುಮಾನ ಬಂದಿತ್ತು ಸರ್. ಶನಿವಾರ ಮೂರು ಸಿರಿಂಜ್ ಎಣಿಸಿ ಇಟ್ಟು ಹೋಗಿದ್ದೆ. ಸೋಮವಾರ ಎರಡು ಹಂಗೇ ಇದ್ವು" ಅಂದರು. ಮತ್ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಬುಕ್ಕಲ್ಲಿ ನೀವೇ ಟಿಕ್ ಹಾಕಿದ್ರಲ್ಲ. ಬೇರೆ ಪ್ಯಾಕೆಟ್ ಒಡೆದಿರ್ಬೇಕು ಅಂದ್ಕೊಂಡೆ. ಮನೆ ಮಗನ್ನ ಸುಳ್ಳುಗಾರ ಅನ್ನೋಕಾಯ್ತದಾ? ಆದ್ರೂ ಡಾಕ್ಟರ್‌ಗಾದ್ರೂ ಹೇಳ್ಬೇಕಿತ್ತು. ಅದು ನನ್ ತಪ್ಪು."

ಆಮೇಲೆ ಅವರೇ ಇನ್ನೊಂದು ಮಾತು ಹೇಳಿದರು. "ರಾತ್ರಿ ಎರಡು ಗಂಟೆ, ನಾಕು ಗಂಟೆ ಮಗ್ಗುಲು ಟಿಕ್ಕು ಇರ್ತಿತ್ತಲ್ಲ ಸರ್, ಎಲ್ಲಾ ಸಲ ನಿಜ ಅಲ್ಲ. ಕೆಲವು ದಿನ ಕಣ್ಣು ಹತ್ಬುಡೋದು."

ಮಲಗಿದ ರೋಗಿಗೆ ಬೆನ್ನು ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಓದಿ, ದಿನಕ್ಕೆ ಹನ್ನೆರಡು ಚೌಕ ಬರೆದಿದ್ದೆ. ವಾರಕ್ಕೆ ಐದು ರಾತ್ರಿ ಒಬ್ಬರೇ ಆ ಹನ್ನೆರಡನ್ನೂ ತುಂಬಬೇಕಿತ್ತು. ಯಾವ ಮನುಷ್ಯರಿಗೆ ಸಾಧ್ಯ? ನಾನು ಆ ಚೌಕ ಗೀಚಿದ ದಿನವೇ ಸುಳ್ಳಿಗೆ ಜಾಗ ಮಾಡಿಕೊಟ್ಟಿದ್ದೆ. ಬರೆದವರ ಹೊಣೆ ಎಷ್ಟಿದೆಯೋ ಗೆರೆ ಎಳೆದವರ ಹೊಣೆಯೂ ಅಷ್ಟೇ ಇದೆ. ಮಾಡಲಾಗದ್ದನ್ನು ಕೇಳುವ ಪುಸ್ತಕ ಕೊಟ್ಟು ಆಮೇಲೆ ಪ್ರಾಮಾಣಿಕತೆ ಕೇಳುವುದು ನ್ಯಾಯವಲ್ಲ.

ಅಲ್ಲಿಂದಲೇ ಏಜೆನ್ಸಿಗೆ ಫೋನ್ ಮಾಡಿ ತಪ್ಪು ನಂದು ಅಂದೆ. "ಆಯ್ತು ಸರ್, ನೋಟ್ ಮಾಡ್ಕೋತೀವಿ" ಅಂದರು. ಎಲ್ಲಿ ನೋಟ್ ಮಾಡಿಕೊಂಡರೋ. ಸಿಸ್ಟರ್ ನಮ್ಮ ಮನೆಗೆ ವಾಪಸ್ ಬರಲಿಲ್ಲ, ಅಷ್ಟರಲ್ಲಿ ಬೇರೆ ಕಡೆ ಸೇರಿದ್ದರು. ಕಳೆದುಕೊಂಡ ದಿನಗಳ ಸಂಬಳ ಕೊಡಲು ಹೋದೆ, ತಗೊಂಡರು. ತಗೊಂಡಿದ್ದು ಒಳ್ಳೆಯದಾಯಿತು.

ಈಗ ಪುಸ್ತಕದಲ್ಲಿ ಟಿಕ್ ಇಲ್ಲ. ಎಷ್ಟು ಯೂನಿಟ್, ಎಷ್ಟು ಗಂಟೆ, ಯಾರು ಅಂತ ಬರೆಯಬೇಕು. ಪಕ್ಕದಲ್ಲಿ "ಆಗಲಿಲ್ಲ, ಯಾಕೆ" ಅನ್ನುವ ಕಾಲಂ. ರಾತ್ರಿಯ ಚೌಕಗಳನ್ನು ನಾನು, ತಮ್ಮ, ಹೊಸ ಸಿಸ್ಟರ್ ಹಂಚಿಕೊಂಡಿದ್ದೇವೆ. ಆ ಹಳೆಯ ಪುಟದ ಎರಡು ಟಿಕ್ಕಿಗೂ ಒಂದೊಂದು ಗೆರೆ ಹೊಡೆದು, "ಹಾಕಿರಲಿಲ್ಲ" ಅಂತ ಬರೆದು, ಬರೆದ ದಿನದ ತಾರೀಕು ಸಮೇತ ಸಹಿ ಮಾಡಿದ್ದೇನೆ. ಅವ್ವನಿಗೆ ಓದೋಕೆ ಬರುವುದಿಲ್ಲ. ಅವಳು ಕೊಟ್ಟದ್ದನ್ನು ಹೇಳುತ್ತಾಳೆ, ಪಕ್ಕದಲ್ಲಿದ್ದವರು ಬರೆಯುತ್ತೇವೆ, ಅವಳು ಹೆಬ್ಬೆಟ್ಟು ಒತ್ತುತ್ತಾಳೆ.

ಮೊನ್ನೆ "ಆಗಲಿಲ್ಲ" ಕಾಲಮಿನಲ್ಲಿ ಹೊಸ ಸಿಸ್ಟರ್ ಬರೆದಿದ್ದರು: ರಾತ್ರಿ 4, ಮಗ್ಗುಲು ಬದಲಿಸಿಲ್ಲ, ನಿದ್ದೆ ಬಂತು. ಓದಿ ನೆಮ್ಮದಿಯಾಯಿತು. ಐದೂವರೆಗೆ ಎದ್ದ ಅವ್ವ ಅದನ್ನು ಅವರಿಂದ ಓದಿಸಿಕೊಂಡು ಕೇಳಿ, ಅಪ್ಪನ ಬೆನ್ನು ನೋಡಿ, ಮಗ್ಗುಲು ಹೊರಳಿಸಿದ್ದಳು.