ಕೈಕೆಲಸದ ವಿನಿಮಯ: ಉಡುಗೊರೆಯೋ, ವ್ಯಾಪಾರವೋ?

ಮಧ್ಯಾಹ್ನದ ಅಡುಗೆ, ಊಟಗಳೆಲ್ಲ ಮುಗಿದು ಅಸರ್ ಅಝಾನ್ ಕೇಳುವ ತನಕ ಸಿಗುವ ಅಷ್ಟಿಷ್ಟು ಬಿಡುವಿನಲ್ಲಿ ನಮ್ಮ ಅನೇಕ ಸಹೋದರಿಯರು ಸೂಜಿ, ದಾರ, ಕ್ರೋಶಾ ಕಡ್ಡಿಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಒಬ್ಬಾಕೆ ಗಂಡುಮಕ್ಕಳಿಗೆ ಬಿಳಿ ನೂಲಿನ ಟೋಪಿ ಹೆಣೆಯುತ್ತಾಳೆ. ಇನ್ನೊಬ್ಬಾಕೆ ದಿಂಬಿನ ಕವರಿಗೆ ಹೂಬಳ್ಳಿಯ ಕಸೂತಿ ಹಾಕುತ್ತಾಳೆ. ಮತ್ತೊಬ್ಬಾಕೆ ಹುಟ್ಟಲಿರುವ ಮಗುವಿಗೆ ಕುಲಾವಿ ಹೊಲಿಯುತ್ತಾಳೆ. ಹೀಗೆ ತಯಾರಾದ ವಸ್ತುಗಳು ಮನೆಯೊಳಗೇ ಉಳಿಯುವುದಿಲ್ಲ. ‘ನೀನು ನನ್ನ ಮಗನಿಗೆ ಟೋಪಿ ಹೆಣೆದುಕೊಡು, ನಾನು ನಿನ್ನ ಮಗಳ ಮದುವೆಗೆ ದಿಂಬಿನ ಕವರು ಮಾಡಿಕೊಡುತ್ತೇನೆ’ ಎಂಬ ಮಾತಿನೊಂದಿಗೆ ಅವು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ. ಈಗಂತೂ ಮುಖ ನೋಡದ ಗೆಳತಿಯರ ನಡುವೆಯೂ ಅಂಚೆಯ ಮೂಲಕ ಇಂತಹ ವಿನಿಮಯ ನಡೆಯುತ್ತದೆ.

ನೋಡಲು ಇದು ತೀರಾ ಸಣ್ಣ ವಿಷಯ. ಆದರೆ ಇದೇ ಸಣ್ಣ ವಿಷಯದಿಂದ ಹಲವು ಕಡೆ ಮನಸ್ಸುಗಳು ಮುರಿದಿವೆ. ಒಬ್ಬಾಕೆ ಇಪ್ಪತ್ತು ಸಂಜೆ ಕುಳಿತು ಮೇಜಿನ ಹೊದಿಕೆಯೊಂದನ್ನು ಹೆಣೆದು ಕೊಟ್ಟಳೆನ್ನಿ. ಅದಕ್ಕೆ ಬದಲಾಗಿ ಆಕೆಗೆ ಎರಡೇ ಸಂಜೆಯಲ್ಲಿ ಮುಗಿದ ಕರವಸ್ತ್ರವೊಂದು ಬಂತು. ಆಕೆ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ‘ಪ್ರೀತಿಯಿಂದ ಕೊಟ್ಟದ್ದು, ಲೆಕ್ಕ ಯಾಕೆ?’ ಎಂದು ನಗುತ್ತಾಳೆ. ಆದರೆ ಒಳಗೊಳಗೆ ಲೆಕ್ಕ ನಡೆದೇ ಇರುತ್ತದೆ. ಮುಂದಿನ ಸಲ ಸಲಾಮಿನ ಧ್ವನಿ ತುಸು ತಗ್ಗುತ್ತದೆ. ಹೋಗಿ ಬರುವುದು ಕಡಿಮೆಯಾಗುತ್ತದೆ. ಹಾಗಾದರೆ ತಪ್ಪು ಯಾರದು? ಕಡಿಮೆ ಕೊಟ್ಟವಳದೇ? ಲೆಕ್ಕ ಹಾಕಿದವಳದೇ? ಅಥವಾ ತಾವು ಮಾಡುತ್ತಿರುವುದು ಉಡುಗೊರೆಯೋ ವ್ಯಾಪಾರವೋ ಎಂದು ಇಬ್ಬರೂ ಮೊದಲೇ ತಿಳಿದುಕೊಳ್ಳದಿರುವುದೇ?

ಎರಡು ತಕ್ಕಡಿಗಳು

ಉಡುಗೊರೆಗೂ ವ್ಯಾಪಾರಕ್ಕೂ ಇಸ್ಲಾಮಿನಲ್ಲಿ ಬೇರೆ ಬೇರೆ ನಿಯಮಗಳಿವೆ. ವ್ಯಾಪಾರದಲ್ಲಿ ಸರಕು ಯಾವುದು, ಬೆಲೆ ಎಷ್ಟು ಎಂಬುದು ಇಬ್ಬರಿಗೂ ತಿಳಿದಿರಬೇಕು. ಅಲ್ಲಿ ನನ್ನ ಹಕ್ಕನ್ನು ನಾನು ಕೇಳಿ ಪಡೆಯುವುದು ತಪ್ಪಲ್ಲ. ಉಡುಗೊರೆ ಹಾಗಲ್ಲ. ಅದು ಕೊಟ್ಟವರ ಕೈಬಿಟ್ಟ ಕ್ಷಣವೇ ಪಡೆದವರ ಸೊತ್ತು. ಕೊಟ್ಟ ಉಡುಗೊರೆಯನ್ನು ಮರಳಿ ಕೇಳುವವರನ್ನು ಪ್ರವಾದಿವರ್ಯರು(ಸ) ಅತ್ಯಂತ ಅಸಹ್ಯಕರವಾದ ಹೋಲಿಕೆಯ ಮೂಲಕ ಖಂಡಿಸಿರುವುದು ಹದೀಸ್ ಓದುವ ಎಲ್ಲರಿಗೂ ತಿಳಿದಿದೆ.

ಇವೆರಡರ ನಡುವೆ ಮೂರನೆಯದೊಂದಿದೆ. ಪ್ರತಿಫಲದ ಶರತ್ತಿನ ಮೇಲೆ ಕೊಡುವ ಉಡುಗೊರೆ. ಇದರ ಕುರಿತು ಕರ್ಮಶಾಸ್ತ್ರ ವಿದ್ವಾಂಸರು ಬಹಳ ಹಿಂದೆಯೇ ಚರ್ಚಿಸಿದ್ದಾರೆ. ಹನಫಿ ಮದ್ಹಬ್‌ನ ಪ್ರಕಾರ ಅದು ಆರಂಭದಲ್ಲಿ ಉಡುಗೊರೆ, ಎರಡೂ ಕಡೆಯವರು ವಸ್ತುಗಳನ್ನು ಪಡೆದುಕೊಂಡ ಮೇಲೆ ವ್ಯಾಪಾರ. ಶಾಫಿಈ ಮದ್ಹಬ್‌ನ ಪ್ರಬಲ ಅಭಿಪ್ರಾಯದಂತೆ, ಬದಲಾಗಿ ಏನು ಸಿಗಬೇಕೆಂದು ಮೊದಲೇ ಗೊತ್ತುಮಾಡಿದ್ದರೆ ಅದನ್ನು ಉಡುಗೊರೆ ಎಂದು ಕರೆದರೂ ಅದು ವ್ಯಾಪಾರವೇ. ನಮ್ಮ ಕರಾವಳಿಯ ಮುಸ್ಲಿಮರಲ್ಲಿ ಹೆಚ್ಚಿನವರು ಶಾಫಿಈಗಳು. ಘಟ್ಟದ ಮೇಲಿನವರಲ್ಲಿ ಹೆಚ್ಚಿನವರು ಹನಫಿಗಳು. ಆದರೆ ಈ ವಿಷಯದಲ್ಲಿ ಎರಡೂ ಕಡೆಯ ವಿದ್ವಾಂಸರು ನಮಗೆ ಕಲಿಸುವ ಪಾಠ ಒಂದೇ. ಹೆಸರು ಏನೇ ಇರಲಿ, ಶರತ್ತು ಹಾಕಿದ ಮೇಲೆ ಹೊಣೆಗಾರಿಕೆಯೂ ಬರುತ್ತದೆ.

ಚಿನ್ನ, ಬೆಳ್ಳಿ, ಗೋಧಿ, ಬಾರ್ಲಿ, ಖರ್ಜೂರ ಮತ್ತು ಉಪ್ಪು ಈ ಆರು ವಸ್ತುಗಳನ್ನು ಅದೇ ಜಾತಿಯ ವಸ್ತುವಿಗೆ ಬದಲಾಯಿಸುವಾಗ ಅಳತೆ ಸಮನಾಗಿರಬೇಕೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದಾರೆ. ಕಸೂತಿಯ ಬಟ್ಟೆ ಈ ಆರರಲ್ಲಿ ಸೇರಿಲ್ಲ. ಆದುದರಿಂದ ಕೈಯಿಂದ ಕೈಗೆ ಕೊಡುವಾಗ ಒಂದು ಮೇಜಿನ ಹೊದಿಕೆಗೆ ಒಂದು ಕರವಸ್ತ್ರ ಬದಲಾದರೆ ಅಷ್ಟಕ್ಕೇ ಯಾರೂ ಪಾಪಿಗಳಾಗುವುದಿಲ್ಲ. ಇಲ್ಲಿ ತೂಕ ಸಮನಾಗಬೇಕೆಂದು ಕಾನೂನು ಹೇಳುವುದಿಲ್ಲ. ಅಂದರೆ ಈ ತಕ್ಕಡಿಯನ್ನು ನಮ್ಮ ಮನಸ್ಸಾಕ್ಷಿಯ ಕೈಗೆ ಕೊಡಲಾಗಿದೆ. ನಮ್ಮ ನಿಜವಾದ ಪರೀಕ್ಷೆ ಇರುವುದೂ ಇಲ್ಲಿಯೇ.

ಕಣ್ಣಿಗೆ ಕಾಣದ ಶ್ರಮ

ಕೈಕೆಲಸದ ಒಂದು ವಿಶೇಷವೇನೆಂದರೆ ಅದರ ಶ್ರಮವು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ದಪ್ಪ ಉಲ್ಲನ್ ಮತ್ತು ದೊಡ್ಡ ಕಡ್ಡಿಯಿಂದ ಹೆಣೆದ ಶಾಲು ಬೇಗ ಮುಗಿಯುತ್ತದೆ. ಸಣ್ಣ ನೂಲು ಮತ್ತು ತೆಳು ಕಡ್ಡಿಯಿಂದ ಹೆಣೆದ ಅಂಗೈಯಗಲದ ಹೂವು ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಬೇಡುತ್ತದೆ. ಧಾರವಾಡ-ಹುಬ್ಬಳ್ಳಿ ಕಡೆಯ ಕಸೂತಿಯನ್ನೇ ನೋಡಿರಿ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳನ್ನು ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕಬೇಕು. ಗಂಟು ಹಾಕುವಂತಿಲ್ಲ. ಒಂದು ಎಳೆ ತಪ್ಪಿದರೂ ಮುಂದಿನ ಚಿತ್ತಾರವೆಲ್ಲ ತಪ್ಪುತ್ತಾ ಹೋಗುತ್ತದೆ. ಬಿಚ್ಚಿ ಮತ್ತೆ ಹಾಕಿದ ಗಂಟೆಗಳಿಗೆ ಸಾಕ್ಷಿ ಯಾರು? ಹಾಕಿದವಳು ಮತ್ತು ಅವಳನ್ನು ನೋಡುತ್ತಿರುವ ಅಲ್ಲಾಹನು.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಇನ್ನೊಬ್ಬಳು ನನಗಾಗಿ ಎಷ್ಟು ಶ್ರಮಪಟ್ಟಳೆಂಬುದನ್ನು ನಾನು ಅಳೆಯಲಾರೆ. ನಾನು ಅಳೆಯಬಲ್ಲುದು ನನ್ನ ಶ್ರಮವನ್ನು ಮಾತ್ರ. ಆ ಕರವಸ್ತ್ರವನ್ನು ಕಳಿಸಿದಾಕೆ ಮೊಲೆಯುಣ್ಣುವ ಮಗುವನ್ನು ಮಲಗಿಸಿ, ನಿದ್ದೆಗೆಟ್ಟು, ಮಂದವಾದ ಕಣ್ಣಿನಲ್ಲಿ ಅದನ್ನು ಹೊಲಿದಿರಬಹುದು. ನನಗೆ ಎರಡು ಸಂಜೆಯ ಕೆಲಸವಾದುದು ಆಕೆಗೆ ಎರಡು ತಿಂಗಳ ಕೆಲಸವಾಗಿರಬಹುದು.

ಅಲ್‌ಮುತಫ್ಫಿಫೀನ್ ಎಂಬ ಅಧ್ಯಾಯದ ಆರಂಭದಲ್ಲಿ, ಜನರಿಂದ ಪಡೆಯುವಾಗ ಪೂರ್ತಿಯಾಗಿ ಅಳೆದುಕೊಂಡು, ಅವರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶವಿದೆಯೆಂದು ಕುರ್‌ಆನ್ ಎಚ್ಚರಿಸುತ್ತದೆ. ಅದು ಅಂಗಡಿಯ ಅಳತೆಯ ಮಾತು ಮಾತ್ರವೆಂದು ನಾವು ಭಾವಿಸುತ್ತೇವೆ. ಆದರೆ ಎರಡು ಬಗೆಯ ಅಳತೆಗೋಲು ಇಟ್ಟುಕೊಳ್ಳುವ ರೋಗ ಅಂಗಡಿಗೆ ಮಾತ್ರ ಸೀಮಿತವೇ? ನನಗೆ ಬಂದ ವಸ್ತುವಿನ ಒಂದೊಂದು ಹೊಲಿಗೆಯನ್ನೂ ಬೆಳಕಿಗೆ ಹಿಡಿದು ನೋಡುವ ನಾನು, ನಾನು ಕೊಡುವ ವಸ್ತುವಿನ ಹಿಂಬದಿಯ ಗೋಜಲು ದಾರವನ್ನು ‘ಯಾರು ನೋಡುತ್ತಾರೆ’ ಎಂದು ಬಿಟ್ಟುಬಿಟ್ಟರೆ ಅದೂ ಎರಡು ಅಳತೆಗೋಲೇ ಅಲ್ಲವೇ? ಸತ್ಯವಿಶ್ವಾಸಿಯ ರೀತಿ ಇದಕ್ಕೆ ತದ್ವಿರುದ್ಧ. ಕೊಡುವಾಗ ಬಿಗಿ, ಪಡೆಯುವಾಗ ಸಡಿಲ.

ಉತ್ತರ ಕನ್ನಡದ ಸಿದ್ದಿ ಮಹಿಳೆಯರು, ಅವರಲ್ಲಿ ನಮ್ಮ ಮುಸ್ಲಿಮ್ ಸಹೋದರಿಯರೂ ಇದ್ದಾರೆ, ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಕೌದಿಯ ನಾಲ್ಕು ಮೂಲೆಗಳಲ್ಲಿ ಮಡಚಿದ ಬಣ್ಣದ ತುಂಡುಗಳ ‘ಫುಲ’ ಇಡುತ್ತಾರೆ. ಅದಿಲ್ಲದ ಕೌದಿ ಅವರ ಪಾಲಿಗೆ ಪೂರ್ತಿಯಾದ ಕೌದಿಯಲ್ಲ. ಚಳಿ ತಡೆಯಲು ಆ ಮೂಲೆಯ ಹೂವು ಬೇಕಾಗಿಲ್ಲ. ಆದರೂ ಅದನ್ನು ಇಡದೆ ಅವರು ಕೈಬಿಡುವುದಿಲ್ಲ. ಮಾಡುವ ಪ್ರತಿಯೊಂದು ಕೆಲಸದಲ್ಲೂ ಇಹ್ಸಾನ್ ಇರಬೇಕೆಂದು ಅಲ್ಲಾಹನು ವಿಧಿಸಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿರುವುದು ಇಂತಹ ಮೂಲೆಗಳಿಗೂ ಅನ್ವಯಿಸುತ್ತದೆ.

ಬದಲು ಕೊಡುವ ಕರ್ತವ್ಯ

ಹಾಗಾದರೆ ಪ್ರತಿಫಲ ನಿರೀಕ್ಷಿಸುವುದೇ ತಪ್ಪೇ? ಹಾಗೆ ಹೇಳಲಾಗದು. ಪ್ರವಾದಿವರ್ಯರು(ಸ) ಉಡುಗೊರೆ ಸ್ವೀಕರಿಸುತ್ತಿದ್ದರು ಮತ್ತು ಅದಕ್ಕೆ ಬದಲು ಕೊಡುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಒಳಿತು ಮಾಡಿದವರಿಗೆ ಬದಲು ನೀಡಬೇಕು, ಏನೂ ಇಲ್ಲದಿದ್ದರೆ ಅವರಿಗಾಗಿ ಪ್ರಾರ್ಥಿಸಬೇಕೆಂದೂ ಹದೀಸ್ ಇದೆ. ಜೊತೆಗೆ, ಹೆಚ್ಚು ಪಡೆಯುವ ಆಸೆಯಿಂದ ಉಪಕಾರ ಮಾಡಬಾರದೆಂದು ಅಲ್‌ಮುದ್ದಸ್ಸಿರ್ ಅಧ್ಯಾಯ ಆದೇಶಿಸುತ್ತದೆ.

ಇವೆರಡನ್ನೂ ಜೊತೆಗಿಟ್ಟು ನೋಡಿದಾಗ ಒಂದು ಸೂಕ್ಷ್ಮ ಕಾಣಿಸುತ್ತದೆ. ವ್ಯಾಪಾರದಲ್ಲಿ ಒಬ್ಬಳ ಕರ್ತವ್ಯ ಇನ್ನೊಬ್ಬಳ ಹಕ್ಕು. ಉಡುಗೊರೆಯಲ್ಲಿ ಹಾಗಲ್ಲ. ಪಡೆದವಳಿಗೆ ಬದಲು ಕೊಡುವ ಕರ್ತವ್ಯವಿದೆ, ಕೊಟ್ಟವಳಿಗೆ ಅದನ್ನು ಕೇಳುವ ಹಕ್ಕಿಲ್ಲ. ಇಬ್ಬರೂ ತಂತಮ್ಮ ಪಾಲನ್ನು ಮಾತ್ರ ನೋಡಿಕೊಂಡರೆ ಪ್ರೀತಿ ಬೆಳೆಯುತ್ತದೆ. ಪಡೆದವಳು ಕೊಟ್ಟವಳ ಪಾಲನ್ನು ನೆನಪಿಸುತ್ತಾ ‘ಉಡುಗೊರೆಗೆ ಬದಲು ಯಾಕೆ’ ಎಂದರೆ ಅದು ಜಿಪುಣತನ. ಕೊಟ್ಟವಳು ಪಡೆದವಳ ಪಾಲನ್ನು ನೆನಪಿಸುತ್ತಾ ‘ಬದಲು ಕೊಡಬೇಕೆಂದು ದೀನ್ ಹೇಳಿಲ್ಲವೇ’ ಎಂದರೆ ಅದು ಸಾಲ ವಸೂಲಿ.

‘ಹೀಗಾದರೆ ಒಳ್ಳೆಯವಳು ಸದಾ ಮೋಸಹೋಗುತ್ತಾಳಲ್ಲ?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಮೊದಲೇ ಮಾತಾಡಿಕೊಳ್ಳುವುದು. ನಿಮಗೆ ಸಮನಾದ ಬದಲು ಬೇಕೇ? ಹಾಗಾದರೆ ಯಾವ ವಸ್ತು, ಎಷ್ಟು ಅಳತೆ, ದಾರ ಯಾರದು, ಎಂದಿಗೆ ಮುಗಿಯಬೇಕು ಎಂಬುದನ್ನು ನಾಚಿಕೆಯಿಲ್ಲದೆ ಹೇಳಿರಿ. ಅದರಲ್ಲಿ ಯಾವ ಕೀಳುತನವೂ ಇಲ್ಲ. ಅಥವಾ ಕೊಡುವ ಸಂತೋಷಕ್ಕಾಗಿಯೇ ಕೊಡುತ್ತಿದ್ದೀರಾ? ಹಾಗಾದರೆ ಕೊಟ್ಟ ಮೇಲೆ ಲೆಕ್ಕದ ಪುಸ್ತಕವನ್ನು ಮುಚ್ಚಿಬಿಡಿರಿ. ನಾಲಗೆಯಲ್ಲಿ ಉಡುಗೊರೆ, ಹೃದಯದಲ್ಲಿ ವ್ಯಾಪಾರ ಎಂಬಂತಾದಾಗಲೇ ಸಂಬಂಧಗಳು ಹಾಳಾಗುವುದು.

ಮಾತು ಕೊಟ್ಟ ಮೇಲೆ ಅದನ್ನು ಮರೆಯುವುದಂತೂ ಬೇರೆಯೇ ವಿಷಯ. ಗೆಳತಿಯಿಂದ ವಸ್ತುವನ್ನು ಪಡೆದುಕೊಂಡು, ತನ್ನ ಪಾಲಿನ ಕೆಲಸವನ್ನು ‘ನಾಳೆ, ನಾಡಿದ್ದು’ ಎಂದು ಮುಂದೂಡಿ ಕೊನೆಗೆ ಸುಮ್ಮನಾಗುವವರಿದ್ದಾರೆ. ಅನ್ನಹ್ಲ್ ಅಧ್ಯಾಯದ 92ನೇ ಸೂಕ್ತದಲ್ಲಿ, ಕರಾರು ಮುರಿಯುವವರನ್ನು ಕುರ್‌ಆನ್ ಯಾರಿಗೆ ಹೋಲಿಸಿದೆ ಗೊತ್ತೇ? ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಎಳೆಎಳೆಯಾಗಿ ಹಾಳುಗೆಡಹುವ ಹೆಂಗಸಿಗೆ. ನೂಲಿನ ಕೆಲಸ ಬಲ್ಲವರಿಗೆ ಈ ಹೋಲಿಕೆಯ ನೋವು ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಬೇಕು.

ಕೈಬಿಟ್ಟ ಮೇಲೆ

ಇನ್ನೊಂದು ದೂರು ಆಗಾಗ ಕೇಳಿಬರುತ್ತದೆ: ‘ನಾನು ಕಷ್ಟಪಟ್ಟು ಮಾಡಿಕೊಟ್ಟದ್ದನ್ನು ಆಕೆ ಬೇರೆ ಯಾರಿಗೋ ಕೊಟ್ಟುಬಿಟ್ಟಳಂತೆ!’

ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ, ಬುಖಾರಿಯಲ್ಲಿರುವ ಘಟನೆಯೊಂದಿದೆ. ಓರ್ವ ಮಹಿಳೆ ಅಂಚಿರುವ ಹೊದಿಕೆಯೊಂದನ್ನು ತನ್ನ ಕೈಯಾರೆ ನೇಯ್ದು ಪ್ರವಾದಿವರ್ಯರಿಗೆ(ಸ) ತಂದುಕೊಟ್ಟಳು. ಅವರಿಗೆ ಅದರ ಅಗತ್ಯವಿತ್ತು. ಅದನ್ನು ಉಟ್ಟು ಹೊರಬಂದಾಗ ಒಬ್ಬ ವ್ಯಕ್ತಿ ಅದನ್ನು ಮೆಚ್ಚಿ ತನಗೆ ಕೊಡಬೇಕೆಂದು ಕೇಳಿದನು. ಅವರು ಕೊಟ್ಟುಬಿಟ್ಟರು. ಪ್ರವಾದಿವರ್ಯರು(ಸ) ಕೇಳಿದವರಿಗೆ ಇಲ್ಲವೆನ್ನುವುದಿಲ್ಲವೆಂದು ತಿಳಿದೂ ಕೇಳಿದ್ದಕ್ಕಾಗಿ ಜನರು ಆತನನ್ನು ಆಕ್ಷೇಪಿಸಿದರು. ಉಡಲಿಕ್ಕಲ್ಲ, ತನ್ನ ಕಫನ್‌ಗಾಗಿ ಕೇಳಿದೆನೆಂದು ಆತನು ಉತ್ತರಿಸಿದನು. ಕೊನೆಗೆ ಅದು ಆತನ ಕಫನ್ ಆಯಿತು.

ಆ ಮಹಿಳೆಯ ಹೆಸರು ಈ ವರದಿಯಲ್ಲಿಲ್ಲ. ಅವಳು ಒಬ್ಬರಿಗಾಗಿ ನೇಯ್ದದ್ದು ಇನ್ನೊಬ್ಬರನ್ನು ಸೇರಿ ಮಣ್ಣಿನೊಳಗೆ ಹೋಯಿತು. ಅವಳ ಶ್ರಮ ವ್ಯರ್ಥವಾಯಿತೇ? ಇಲ್ಲ. ಕೊಟ್ಟ ವಸ್ತು ಮುಂದೆ ಎಲ್ಲಿಗೆ ಹೋಗುತ್ತದೆಂಬುದು ಕೊಟ್ಟವರ ಕೈಯಲ್ಲಿಲ್ಲ. ಯಾವ ಸಂಕಲ್ಪದಿಂದ ಕೊಟ್ಟರೋ ಅದು ಮಾತ್ರ ಅವರದು.

ಹಾಗೆಂದು ಪಡೆದವರು ಕೊಟ್ಟವರ ಮನಸ್ಸನ್ನು ಲೆಕ್ಕಿಸಬೇಕಿಲ್ಲವೇ? ಅದಕ್ಕೂ ಪ್ರವಾದಿವರ್ಯರ(ಸ) ಮಾದರಿಯಿದೆ. ಅಬೂ ಜಹ್ಮ್(ರ) ಉಡುಗೊರೆಯಾಗಿ ಕೊಟ್ಟಿದ್ದ ಚಿತ್ತಾರದ ಹೊದಿಕೆಯು ನಮಾಝ್‌ನಲ್ಲಿ ತಮ್ಮ ಗಮನ ಸೆಳೆದಾಗ ಅವರು ಅದನ್ನು ಹಿಂದಕ್ಕೆ ಕಳಿಸಿದರು. ಆದರೆ ಬರಿದೇ ಕಳಿಸಲಿಲ್ಲ. ಅದರ ಬದಲಿಗೆ ಅಬೂ ಜಹ್ಮ್‌ರಲ್ಲಿದ್ದ ಚಿತ್ತಾರವಿಲ್ಲದ ಸಾದಾ ಹೊದಿಕೆಯನ್ನು ಕೇಳಿ ತರಿಸಿಕೊಂಡರು. ಕೊಟ್ಟವರಿಗೆ ತನ್ನ ಉಡುಗೊರೆ ತಿರಸ್ಕೃತವಾಯಿತೆಂಬ ನೋವಾಗದಿರಲೆಂದು ಹಾಗೆ ಮಾಡಿದರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಬಟ್ಟೆಗೆ ಬಟ್ಟೆ ಬದಲಾದ ಆ ಘಟನೆಯಲ್ಲಿ ತೂಗಿ ನೋಡಲಾದುದು ಬಟ್ಟೆಯ ಬೆಲೆಯನ್ನಲ್ಲ, ಓರ್ವ ಮನುಷ್ಯನ ಹೃದಯವನ್ನು.

ಸೂಜಿಯಿಂದಲೇ ಬದುಕುವವರು

ಕೊನೆಯದಾಗಿ ಒಂದು ಮಾತು. ಬಿಡುವಿನ ಹೊತ್ತಿಗೆ ಹೆಣೆಯುವವರೂ ಹೊಟ್ಟೆಪಾಡಿಗೆ ಹೆಣೆಯುವವರೂ ಒಂದೇ ಬೀದಿಯಲ್ಲಿರುತ್ತಾರೆ. ನಮ್ಮ ನಡುವೆ ಬೆಲೆಯಿಲ್ಲದೆ ಕೈಬದಲಾಗುವ ವಸ್ತುವನ್ನು ಕಂಡು, ಅದನ್ನೇ ಮಾರಿ ಬದುಕುವ ವಿಧವೆಯೊಬ್ಬಳ ಬಳಿ ‘ಇಷ್ಟು ಚಿಕ್ಕದಕ್ಕೆ ಇಷ್ಟೊಂದು ಹಣವೇ? ನಾವೇ ಮನೆಯಲ್ಲಿ ಮಾಡಿಕೊಳ್ಳುತ್ತೇವೆ’ ಎಂದು ಚೌಕಾಸಿ ಮಾಡುವುದುಂಟು. ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸ್ ಹೆಣೆಯುವ ಬಡ ಮಹಿಳೆಯರ ಬಗ್ಗೆ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಆ ಮಹಿಳೆಯರು ದಿನದ ಹಲವು ಗಂಟೆ ವಿದೇಶದ ಮಾರುಕಟ್ಟೆಗಾಗಿ ಹೆಣೆಯುತ್ತಿದ್ದರೂ ಅವರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ಮನೆಯಲ್ಲಿ ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದೇ ಎಣಿಸಿ ಅತ್ಯಲ್ಪ ಕೂಲಿ ಕೊಡಲಾಗುತ್ತಿತ್ತೆಂದು ಅವರು ತೋರಿಸಿಕೊಟ್ಟರು. ‘ಬಿಡುವಿನ ಕೆಲಸ’ ಎಂಬ ಎರಡು ಪದಗಳು ಒಬ್ಬಳ ಅನ್ನವನ್ನು ಕಸಿಯಬಲ್ಲವು. ಗೆಳತಿಯೊಂದಿಗೆ ವಿನಿಮಯ ಮಾಡಿರಿ. ಆದರೆ ದುಡಿಯುವವಳಿಗೆ ಅವಳ ಬೆಲೆಯನ್ನು ಪೂರ್ತಿಯಾಗಿ ಕೊಡಿರಿ. ಅದು ಔದಾರ್ಯವಲ್ಲ, ಅವಳ ಹಕ್ಕು.

ತಮ್ಮ ಮರಣಾನಂತರ ಪತ್ನಿಯರ ಪೈಕಿ ಮೊದಲು ತಮ್ಮನ್ನು ಸೇರುವವರು ಅತ್ಯಂತ ಉದ್ದನೆಯ ಕೈಯುಳ್ಳವರೆಂದು ಪ್ರವಾದಿವರ್ಯರು(ಸ) ಹೇಳಿದ್ದಾಗ ಅವರ ಪತ್ನಿಯರು ತಂತಮ್ಮ ಕೈಗಳನ್ನು ಅಳೆದು ನೋಡಿಕೊಂಡರು. ಹಿಜರಿ 20ರಲ್ಲಿ ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ಎಲ್ಲರಿಗಿಂತ ಮೊದಲು ನಿಧನರಾದಾಗ ಆ ಮಾತಿನ ಅರ್ಥ ತಿಳಿಯಿತು. ಅವರು ಕೈಯಾರೆ ದುಡಿದು, ಚರ್ಮ ಹದಮಾಡಿ ಹೊಲಿದು, ಬಂದುದನ್ನು ದಾನ ಮಾಡುತ್ತಿದ್ದರು. ಕೈಯ ಉದ್ದವನ್ನು ಅಳೆಯಬೇಕಾದುದು ಗೇಣಿನಿಂದಲ್ಲ, ಅದು ಎಷ್ಟು ದೂರದ ತನಕ ಕೊಟ್ಟಿತು ಎಂಬುದರಿಂದ.

ಸಹೋದರಿಯರೇ, ಮುಂದಿನ ಸಲ ಗೆಳತಿಯ ಕೈಕೆಲಸವೊಂದು ನಿಮ್ಮ ಮನೆಗೆ ಬಂದಾಗ ಅದು ನಿಮ್ಮದಕ್ಕಿಂತ ಕಡಿಮೆಯೋ ಹೆಚ್ಚೋ ಎಂದು ನೋಡುವ ಮೊದಲು ‘ಜಝಾಕಿಲ್ಲಾಹು ಖೈರನ್’ ಎನ್ನಿರಿ. ನೀವು ಕೊಡುವಾಗ ಬಟ್ಟೆಯನ್ನು ಒಮ್ಮೆ ಮಗುಚಿ ಹಿಂಬದಿಯನ್ನೂ ನೋಡಿರಿ. ನಮ್ಮ ಕೈಗಳ ಕೆಲಸವನ್ನೂ ಅದರ ಹಿಂದಿನ ಸಂಕಲ್ಪವನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.