ತಟಸ್ಥರು ಯುದ್ಧಕ್ಕೆ ಇಳಿಯುವುದು ಯಾವಾಗ?

ಭದ್ರಾವತಿಯ ಹೊಸಮನೆಯಾಗಲಿ, ಶಿವಮೊಗ್ಗದ ಹೊಸಮನೆಯಾಗಲಿ, ಬೀದಿ ನಲ್ಲಿಯ ಮುಂದಿನ ಜಗಳ ನಮಗೆ ಹೊಸದಲ್ಲ. ಇಬ್ಬರು ಕಚ್ಚಾಡುತ್ತಾರೆ. ಮೂರನೆಯವನು ನಮಗೇಕೆ ಊರ ಉಸಾಬರಿ ಎಂದು ಬಾಗಿಲು ಹಾಕಿಕೊಳ್ಳುತ್ತಾನೆ. ಮರುದಿನ ಅವರಲ್ಲೊಬ್ಬ ಬಂದು ದೊಣ್ಣೆಗಳನ್ನು ಇವನ ಅಂಗಳದಲ್ಲಿ ಇಟ್ಟುಕೊಳ್ಳಲೇ ಎಂದು ಕೇಳುತ್ತಾನೆ. ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾನೆ. ಆಮೇಲೆ ಒಂದಿಷ್ಟು ಸಾಲ. ಕೊನೆಗೆ ತನ್ನ ಕಿಟಕಿಗೆ ಕಲ್ಲು ಬಿದ್ದಾಗ "ನಾನೇನು ಮಾಡಿದ್ದೆ?" ಎಂದು ಪ್ರಾಮಾಣಿಕವಾಗಿಯೇ ಕೇಳುತ್ತಾನೆ.

ರಾಷ್ಟ್ರಗಳ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ತಟಸ್ಥ ಎಂದರೆ ದಡದಲ್ಲಿ ನಿಂತವನು. ಮಳೆಗಾಲದ ಭದ್ರೆಯನ್ನು ಕಂಡವರಿಗೆ ಗೊತ್ತು, ಹೊಳೆಗೆ ಬೀಳುವವರೆಲ್ಲ ತಾವಾಗಿ ಹಾರಿದವರಲ್ಲ. ಕೆಲವರ ಕಾಲಡಿಯ ಮಣ್ಣು ಸ್ವಲ್ಪಸ್ವಲ್ಪವೇ ಕೊಚ್ಚಿಹೋಗಿರುತ್ತದೆ.

1914ರ ಆಗಸ್ಟ್‌ನಲ್ಲಿ ಯೂರೋಪು ಹೊತ್ತಿ ಉರಿಯತೊಡಗಿದಾಗ ಉಸ್ಮಾನಿಯ ತುರ್ಕಿ ತನ್ನನ್ನು ತಟಸ್ಥವೆಂದು ಸಾರಿತು. ಬಾಲ್ಕನ್ ಯುದ್ಧಗಳಲ್ಲಿ ಸೋತು ಬಸವಳಿದಿದ್ದ ಆ ದೇಶಕ್ಕೆ ಬೇಕಾಗಿದ್ದುದು ಶಾಂತಿ. ಆದರೆ ಆಗಸ್ಟ್ 2ರಂದೇ ಕೆಲವೇ ಸಚಿವರಿಗೆ ತಿಳಿದಂತೆ ಜರ್ಮನಿಯೊಂದಿಗೆ ರಹಸ್ಯ ಒಪ್ಪಂದವಾಗಿತ್ತು. ಅದೇ ದಿನಗಳಲ್ಲಿ, ತುರ್ಕಿಯ ಸಾಮಾನ್ಯ ಜನರೂ ವಂತಿಗೆ ಕೊಟ್ಟು ಬ್ರಿಟನ್ನಿನಲ್ಲಿ ಕಟ್ಟಿಸುತ್ತಿದ್ದ ಎರಡು ಯುದ್ಧನೌಕೆಗಳನ್ನು ಬ್ರಿಟಿಷ್ ಸರ್ಕಾರ ತಾನೇ ಇಟ್ಟುಕೊಂಡಿತು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟೇ ಮುಂದಿನ ಹೆಜ್ಜೆಗೆ ದಾರಿಯಾಯಿತು.

ಬ್ರಿಟಿಷರು ಬೆನ್ನಟ್ಟಿದ್ದ ಗೋಬೆನ್ ಮತ್ತು ಬ್ರೆಸ್ಲೌ ಎಂಬ ಎರಡು ಜರ್ಮನ್ ನೌಕೆಗಳಿಗೆ ಆಗಸ್ಟ್ 10ರಂದು ತುರ್ಕಿ ಆಶ್ರಯ ನೀಡಿತು. ಪ್ರಶ್ನೆ ಬಂದಾಗ, ಅವನ್ನು ತಾನು ಕೊಂಡಿರುವುದಾಗಿ ಹೇಳಿತು. ನೌಕೆಗಳ ಹೆಸರು ಬದಲಾಯಿತು, ಜರ್ಮನ್ ನಾವಿಕರ ತಲೆಗೆ ತುರ್ಕಿ ಟೋಪಿ ಬಂತು, ಒಳಗಿದ್ದವರು ಮಾತ್ರ ಅವರೇ. ಸೆಪ್ಟೆಂಬರ್‌ನಲ್ಲಿ ಜರ್ಮನ್ ಅಡ್ಮಿರಲ್ ಸೌಶೋನ್ ತುರ್ಕಿ ನೌಕಾಪಡೆಗೇ ದಂಡನಾಯಕನಾದ. ತಿಂಗಳ ಕೊನೆಗೆ ಡಾರ್ಡನೆಲ್ಸ್ ಜಲಸಂಧಿ ಮುಚ್ಚಿತು. ಅಕ್ಟೋಬರ್‌ನಲ್ಲಿ ಜರ್ಮನಿಯ ಚಿನ್ನ ಬಂದಿಳಿಯಿತು. ಅಕ್ಟೋಬರ್ 29ರಂದು ಅದೇ ನೌಕೆಗಳು ರಷ್ಯಾದ ಬಂದರುಗಳ ಮೇಲೆ ಗುಂಡು ಹಾರಿಸಿದವು. ಕೆಲವು ಸಚಿವರು ರಾಜೀನಾಮೆ ಕೊಟ್ಟರು. ಆದರೆ ಅಷ್ಟರಲ್ಲಿ ಕಾಲ ಮಿಂಚಿತ್ತು. ನವೆಂಬರ್ ಮೊದಲ ವಾರದಲ್ಲಿ ರಷ್ಯಾ, ಬ್ರಿಟನ್, ಫ್ರಾನ್ಸ್ ಮೂರೂ ತುರ್ಕಿಯ ಮೇಲೆ ಯುದ್ಧ ಸಾರಿದವು.

ಇದರಲ್ಲಿ ತುರ್ಕಿ ಯುದ್ಧಕ್ಕಿಳಿದ ದಿನ ಯಾವುದು? ಇತಿಹಾಸದ ಪುಸ್ತಕ ಅಕ್ಟೋಬರ್ 29 ಎನ್ನುತ್ತದೆ. ನಮಗನಿಸುವಂತೆ, ಮೂರು ತಿಂಗಳು ಪ್ರತಿಯೊಂದು ಹೆಜ್ಜೆಗೂ ಒಂದು ಸಮಂಜಸ ಕಾರಣ ಸಿಕ್ಕಿತ್ತು, ಪ್ರತಿಯೊಂದೂ ಚಿಕ್ಕದಾಗಿತ್ತು, ಯಾವುದನ್ನೂ ಜನರ ಮುಂದಿಟ್ಟು ಕೇಳಿರಲಿಲ್ಲ. ದುರಂತವಿದ್ದದ್ದು ಅಲ್ಲಿ.

ಇಸ್ತಾಂಬುಲಿನ ಈ ತೀರ್ಮಾನ ನಮ್ಮ ನಾಡಿನವರೆಗೂ ಬಂತು. ಮೈಸೂರು ಸಂಸ್ಥಾನಕ್ಕೆ ತಟಸ್ಥವಾಗಿರುವ ಸ್ವಾತಂತ್ರ್ಯವೇ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ನೀಡಿದರು. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಈಜಿಪ್ಟಿಗೆ ಹಡಗು ಹತ್ತಿತು. ಯುದ್ಧದ ವಿಷಯದಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಅಧಿಕಾರವಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಂದಿಗೆ ಸೇರಿ ನಮ್ಮವರು ಹೈಫಾ ಪಟ್ಟಣವನ್ನು ಗೆದ್ದರು. ಅವರ ಶೌರ್ಯಕ್ಕೆ ನಾವು ತಲೆಬಾಗುತ್ತೇವೆ. ಆ ದಳದಲ್ಲಿ ಮುಸ್ಲಿಮ್ ಸವಾರರೂ ಇದ್ದರು, ಎದುರಿಗಿದ್ದುದು ಖಲೀಫರ ಸೈನ್ಯ. ತಾವು ಮಾಡದ ತೀರ್ಮಾನಕ್ಕಾಗಿ, ತಮ್ಮಂತೆಯೇ ಯಾರೂ ಕೇಳದೆ ಕರೆತಂದವರ ಎದುರು ಈಟಿ ಹಿಡಿದ ಆ ಸವಾರರ ಮನಸ್ಸು ಹೇಗಿದ್ದಿರಬಹುದು?

ಜಾರುವ ದಡದಿಂದ ಹಿಂದೆ ಸರಿಯುವುದು ಸಾಧ್ಯವೇ ಇಲ್ಲವೇ? ಇದೆ, ನಮ್ಮ ದೇಶವೇ ಅದಕ್ಕೆ ಸಾಕ್ಷಿ. 1991ರ ಗಲ್ಫ್ ಯುದ್ಧದ ವೇಳೆ ಚಂದ್ರಶೇಖರ್ ಸರ್ಕಾರ ಅಮೆರಿಕದ ಸೇನಾ ವಿಮಾನಗಳಿಗೆ ಇಲ್ಲಿ ಇಂಧನ ತುಂಬಿಸಿಕೊಳ್ಳಲು ಬಿಟ್ಟಿತು. ಬರೀ ಇಂಧನ ತಾನೇ ಎಂದು ಯಾರಾದರೂ ಕೇಳಬಹುದಿತ್ತು. ಆದರೆ ಪ್ರತಿಭಟನೆ ಎದ್ದಿತು, ಫೆಬ್ರವರಿಯಲ್ಲಿ ಅದು ನಿಂತಿತು. 2003ರಲ್ಲಿ ಇರಾಕಿಗೆ ಸೈನ್ಯ ಕಳುಹಿಸಿ ಎಂದು ಅಮೆರಿಕ ಕೇಳಿತು. ಇರಾಕ್ ಮೇಲಿನ ಯುದ್ಧವನ್ನು ಅದಾಗಲೇ ಏಪ್ರಿಲ್‌ನಲ್ಲಿ ಲೋಕಸಭೆ ಒಮ್ಮತದಿಂದ ಖಂಡಿಸಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದು ಜುಲೈನಲ್ಲಿ ವಾಜಪೇಯಿ ಸರ್ಕಾರ ಉತ್ತರಿಸಿತು. ಎರಡೂ ಸಲ ನಮ್ಮನ್ನು ಉಳಿಸಿದ್ದು ಬಹಿರಂಗವಾದ ಚರ್ಚೆ. 1914ರ ತುರ್ಕಿಯಲ್ಲಿ ಇಲ್ಲದಿದ್ದುದು ಅದೇ.

ಹಾಗೆಂದು ತಟಸ್ಥತೆ ಎಂದರೆ ಬಾಗಿಲು ಹಾಕಿಕೊಳ್ಳುವುದಲ್ಲ. ಪ್ರವಾದಿತ್ವಕ್ಕೆ ಮುಂಚೆ, ಫಿಜಾರ್ ಯುದ್ಧದ ಬಳಿಕ, ಮಕ್ಕಾದಲ್ಲಿ ಹಿಲ್ಫುಲ್ ಫುದೂಲ್ ಎಂಬ ಒಪ್ಪಂದ ನಡೆಯಿತು. ಅನ್ಯಾಯಕ್ಕೊಳಗಾದವನು ಯಾವ ಕುಲದವನಾದರೂ ಅವನ ಪರ ನಿಲ್ಲುವ ಪ್ರತಿಜ್ಞೆ ಅದು. ಪ್ರವಾದಿವರ್ಯರು(ಸ) ಅದರಲ್ಲಿ ಪಾಲ್ಗೊಂಡಿದ್ದರು, ಮುಂದೆಯೂ ಅದನ್ನು ಮೆಚ್ಚಿ ನೆನೆದರು. ಎರಡು ಗುಂಪುಗಳು ಕಾದಾಡಿದರೆ ನ್ಯಾಯದಿಂದ ಸಂಧಾನ ಮಾಡಿಸಬೇಕೆಂಬುದು ಕುರ್‌ಆನಿನ ಹುಜುರಾತ್ ಅಧ್ಯಾಯದ ಬೋಧನೆ. ಅನ್ಯಾಯವನ್ನು ಅನ್ಯಾಯವೆನ್ನುವುದು ಬೇರೆ, ಒಬ್ಬರ ದೊಣ್ಣೆಗೆ ಅಂಗಳ ಕೊಡುವುದು ಬೇರೆ. ಮೊದಲನೆಯದನ್ನು ಮಾಡದವನು ಎರಡನೆಯದಕ್ಕೆ ಸುಲಭವಾಗಿ ಒಪ್ಪಿಬಿಡುತ್ತಾನೆ. ನ್ಯಾಯದ ಮಾತಾಡಿ ಅಭ್ಯಾಸವಿಲ್ಲದವನಿಗೆ ದಾಕ್ಷಿಣ್ಯವನ್ನು ನಿರಾಕರಿಸುವ ಬಲವೂ ಇರುವುದಿಲ್ಲ.

ಭದ್ರಾವತಿ ಕಬ್ಬಿಣದ ಊರು. ಇಲ್ಲಿನ ಕಾರ್ಖಾನೆಯ ಯೋಜನೆ ಮೊದಲ ಮಹಾಯುದ್ಧದ ಕಾಲದ್ದು, ಉತ್ಪಾದನೆ ಆರಂಭವಾದದ್ದು 1923ರಲ್ಲಿ. ಕುರ್‌ಆನಿನಲ್ಲಿ ಕಬ್ಬಿಣದ ಹೆಸರಿನದೇ ಒಂದು ಅಧ್ಯಾಯವಿದೆ, ಅಲ್‌ಹದೀದ್. ಅದರ 25ನೆಯ ಸೂಕ್ತದಲ್ಲಿ ಕಬ್ಬಿಣಕ್ಕಿಂತ ಮೊದಲು ನ್ಯಾಯದ ತಕ್ಕಡಿಯ ಪ್ರಸ್ತಾಪ ಬರುತ್ತದೆ. ಯಾರದೋ ಯುದ್ಧಕ್ಕೆ ಸಣ್ಣದೊಂದು ಸಹಾಯ ಕೇಳಿ ಬಂದವರಿಗೆ ಹೂಂ ಎನ್ನುವ ಮುನ್ನ ನಾವೂ ಆ ಕ್ರಮವನ್ನೇ ಪಾಲಿಸಬೇಕು. ಮೊದಲು ತಕ್ಕಡಿ, ಆಮೇಲೆ ಕಬ್ಬಿಣ. ತೂಗಿ ನೋಡುವ ಕೆಲಸವನ್ನು ನಾಲ್ಕು ಗೋಡೆಗಳ ಮಧ್ಯದ ನಾಲ್ವರಿಗೆ ಬಿಟ್ಟುಕೊಟ್ಟರೆ, ಕಿಟಕಿಗೆ ಕಲ್ಲು ಬಿದ್ದ ದಿನ "ನಾವೇನು ಮಾಡಿದ್ದೆವು?" ಎಂದು ಕೇಳುವ ಹಕ್ಕು ನಮಗುಳಿಯುವುದಿಲ್ಲ.